‘ಸಿಗುತ್ತಿಲ್ಲ’ ಎಂದರೆ ‘ಇಲ್ಲವೇ ಇಲ್ಲ’ ಎಂದಲ್ಲ: ಇಂಟರ್‌ನೆಟ್ಟಿನ ಹೆಸರುಗಳನ್ನು ಕಾದ ಜಾನ್ ಪೋಸ್ಟೆಲ್

2021ರ ಅಕ್ಟೋಬರ್ 4, ಸೋಮವಾರ. ರಾತ್ರಿ ಒಂಬತ್ತು ಗಂಟೆ ದಾಟಿ ಸ್ವಲ್ಪ ಹೊತ್ತಾಗಿತ್ತು, ವಾಟ್ಸಾಪ್ ಇದ್ದಕ್ಕಿದ್ದಂತೆ ಸ್ತಬ್ಧವಾಯಿತು. ಕಳಿಸಿದ ಮೆಸೇಜಿಗೆ ಗಡಿಯಾರದ ಗುರುತು ಬಿಟ್ಟು ಬೇರೇನೂ ಬರಲಿಲ್ಲ. ಫೇಸ್‌ಬುಕ್ಕೂ ಇಲ್ಲ, ಇನ್‌ಸ್ಟಾಗ್ರಾಮೂ ಇಲ್ಲ. ಎಷ್ಟೋ ಜನ ರೌಟರ್ ಆರಿಸಿ ಹಾಕಿದರು, ಫೋನ್ ರೀಸ್ಟಾರ್ಟ್ ಮಾಡಿದರು, ಕೊನೆಗೆ ಮಲಗಿದರು. ಅದು ಸರಿಹೋಗುವ ಹೊತ್ತಿಗೆ ನಮ್ಮಲ್ಲಿ ಬೆಳಗಿನ ಜಾವ ಮೂರು ಗಂಟೆ ಕಳೆದಿತ್ತು.

ಆ ಆರು ತಾಸುಗಳಲ್ಲಿ ಟ್ವಿಟರ್‌ನಲ್ಲಿ ಒಂದು ಚಿತ್ರ ಓಡಾಡಿತು. ಫೇಸ್‌ಬುಕ್ ಡಾಟ್ ಕಾಮ್ ಎಂಬ ಹೆಸರೇ ಮಾರಾಟಕ್ಕಿದೆ ಎಂದು ತೋರಿಸುವ ಸ್ಕ್ರೀನ್‌ಶಾಟ್ ಅದು. ಕಂಪನಿ ಮುಳುಗಿತು, ಹೆಸರನ್ನೂ ಮಾರಲು ಇಟ್ಟಿದ್ದಾರೆ ಎಂದು ನಂಬಿದವರು ಇದ್ದರು. ಸ್ಕ್ರೀನ್‌ಶಾಟ್ ನಕಲಿಯಾಗಿರಲಿಲ್ಲ. ಹೆಸರು ಮಾರುವ ಕೆಲವು ತಾಣಗಳು ನಿಜವಾಗಿಯೂ ಹಾಗೆ ತೋರಿಸಿದ್ದವು. ಆದರೆ ಹೆಸರು ಮಾರಾಟಕ್ಕೆ ಇರಲಿಲ್ಲ. ಆ ತಾಣಗಳ ತಂತ್ರಾಂಶ ಫೇಸ್‌ಬುಕ್ ಎಲ್ಲಿದೆ ಎಂದು ವಿಚಾರಿಸಿತ್ತು, ಉತ್ತರ ಬರಲಿಲ್ಲ. ಉತ್ತರ ಬಾರದ್ದರಿಂದ ಹೆಸರಿಗೆ ಯಜಮಾನನೇ ಇಲ್ಲ ಎಂದು ಅದು ತೀರ್ಮಾನ ಮಾಡಿಕೊಂಡಿತ್ತು.

ಈ ತಪ್ಪು ಹೊಸದಲ್ಲ. ಇದನ್ನು ಮಾಡಬಾರದು ಎಂದು ಸುಮಾರು ನಲವತ್ತು ವರ್ಷ ಹಿಂದೆಯೇ ಇಂಟರ್‌ನೆಟ್ಟಿನ ನಿಯಮಗಳಲ್ಲಿ ಬರೆದಿಡಲಾಗಿತ್ತು. ಆ ನಿಯಮಗಳಲ್ಲಿ ಹಲವನ್ನು ಬರೆದವರು, ಉಳಿದವನ್ನು ಬರೆಸಿದವರು, ಎಲ್ಲವನ್ನೂ ತಿದ್ದಿ ಪ್ರಕಟಿಸಿದವರು ಜಾನ್ ಪೋಸ್ಟೆಲ್. ಉದ್ದ ಗಡ್ಡ ಬಿಟ್ಟು, ಕಾಲಿಗೆ ಸ್ಯಾಂಡಲ್ ಮೆಟ್ಟಿಕೊಂಡು ಆಫೀಸಿಗೆ ಬರುತ್ತಿದ್ದ ಈ ಮನುಷ್ಯನ ಹೆಸರು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಅವರ ಕೆಲಸವನ್ನು ಮಾತ್ರ ನಾವು ದಿನಕ್ಕೆ ನೂರು ಸಲ ಬಳಸುತ್ತೇವೆ.

ಮೊದಲ ಸಂದೇಶವೇ ಅರ್ಧಕ್ಕೆ ನಿಂತಿತು

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಆಲ್ಟಡೀನಾ ಎಂಬಲ್ಲಿ. ಓದಿದ್ದು ವ್ಯಾನ್ ನೈಸ್ ಹೈಸ್ಕೂಲಿನಲ್ಲಿ. ಮುಂದೆ ಇಂಟರ್‌ನೆಟ್ ಕಟ್ಟುವ ಕೆಲಸದಲ್ಲಿ ದೊಡ್ಡ ಹೆಸರು ಮಾಡಿದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಅದೇ ಶಾಲೆಯವರು. ಮೂವರೂ ಆಮೇಲೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಒಟ್ಟಾದರು. ಪೋಸ್ಟೆಲ್ ಅಲ್ಲಿ 1966ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದು, 1974ರಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಮುಗಿಸಿದರು.

ಅವರು ವಿದ್ಯಾರ್ಥಿಯಾಗಿದ್ದದ್ದು ಲೆನಾರ್ಡ್ ಕ್ಲೈನ್‌ರಾಕ್ ಅವರ ಪ್ರಯೋಗಾಲಯದಲ್ಲಿ. ಇಂದಿನ ಇಂಟರ್‌ನೆಟ್ಟಿಗೆ ಮೂಲವಾದ ಆರ್ಪಾನೆಟ್ ಜಾಲದ ಮೊದಲ ಸಂದೇಶ 1969ರ ಅಕ್ಟೋಬರ್ 29ರಂದು ಹೊರಟದ್ದು ಅಲ್ಲಿಂದಲೇ. ದೂರದ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ಲಾಗಿನ್ ಎಂಬ ಪದವನ್ನು ಒಂದೊಂದೇ ಅಕ್ಷರವಾಗಿ ಕಳಿಸಬೇಕಿತ್ತು. ಎಲ್ ಹೋಯಿತು, ಓ ಹೋಯಿತು, ಮೂರನೆಯ ಅಕ್ಷರಕ್ಕೆ ಆಚೆಯ ಕಂಪ್ಯೂಟರ್ ಕೆಟ್ಟು ನಿಂತಿತು. ಸರಿಪಡಿಸಿ ಮತ್ತೆ ಕಳಿಸಿದಾಗ ಕೆಲಸ ಆಯಿತು.

ಅಂದರೆ ಈ ಜಾಲದ ಹುಟ್ಟಿನ ಜೊತೆಗೇ ಒಂದು ಪಾಠವೂ ಬಂತು. ಆಚೆಯ ತುದಿ ಯಾವಾಗ ಬೇಕಾದರೂ ಸುಮ್ಮನಾಗಬಹುದು. ಅದಕ್ಕೆ ಈಚೆಯ ತುದಿ ಸಿದ್ಧವಾಗಿರಬೇಕು.

ಆ ವರ್ಷವೇ ಕ್ರಾಕರ್ ಒಂದು ಪದ್ಧತಿ ಶುರು ಮಾಡಿದ್ದರು. ಜಾಲದ ಬಗ್ಗೆ ಯಾರಿಗೆ ಏನು ಹೊಳೆದರೂ ಬರೆದು, ನಂಬರ್ ಹಾಕಿ, ಎಲ್ಲರಿಗೂ ಹಂಚುವುದು. ಆರ್‌ಎಫ್‌ಸಿ ಎಂಬ ಹೆಸರಿನ ಈ ಟಿಪ್ಪಣಿಗಳೇ ಇಂದಿಗೂ ಇಂಟರ್‌ನೆಟ್ಟಿನ ಕಾನೂನು ಪುಸ್ತಕ. ಇವುಗಳ ಸಂಪಾದಕರ ಕೆಲಸವನ್ನು ಪೋಸ್ಟೆಲ್ ವಹಿಸಿಕೊಂಡರು, ಸಾಯುವವರೆಗೂ ಮಾಡಿದರು. ಆ ಹೊತ್ತಿಗೆ ಟಿಪ್ಪಣಿಗಳ ಸಂಖ್ಯೆ ಎರಡು ಸಾವಿರದ ನಾನೂರು ದಾಟಿತ್ತು. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚಕ್ಕೆ ಅವರೇ ಲೇಖಕರು ಅಥವಾ ಸಹಲೇಖಕರು.

ನಂಬರು ಹಂಚುವವರು ಒಬ್ಬರಿರಲಿ

ಜಾಲ ಬೆಳೆದಂತೆ ಇನ್ನೊಂದು ತೊಂದರೆ ಎದುರಾಯಿತು. ಒಂದೇ ಕಂಪ್ಯೂಟರಿನಲ್ಲಿ ಹತ್ತಾರು ಸೇವೆಗಳು ನಡೆಯುತ್ತವೆ. ಯಾವ ಸೇವೆಗೆ ಯಾವ ನಂಬರು ಎಂದು ಎಲ್ಲರೂ ಒಪ್ಪದಿದ್ದರೆ ಗೊಂದಲ. 1972ರಲ್ಲಿ ಪೋಸ್ಟೆಲ್ ಒಂದು ಟಿಪ್ಪಣಿ ಬರೆದು, ಈ ನಂಬರುಗಳನ್ನು ಹಂಚಲು ಒಬ್ಬ ವ್ಯಕ್ತಿ ಬೇಕು, ಬೇಕಿದ್ದರೆ ಅದನ್ನು ತಾನೇ ಮಾಡಬಹುದು ಎಂದು ಸೂಚಿಸಿದರು. ಯಾರೂ ಬೇಡ ಎನ್ನಲಿಲ್ಲ. ಹಾಗೆ ಶುರುವಾದ ಕೆಲಸಕ್ಕೆ ಮುಂದೆ ಐಎಎನ್‌ಎ ಎಂಬ ಹೆಸರು ಬಂತು. ಹೆಸರು ದೊಡ್ಡ ಸರ್ಕಾರಿ ಇಲಾಖೆಯದರಂತೆ ಕೇಳಿಸುತ್ತದೆ. ಬಹಳ ವರ್ಷ ಆ ಇಲಾಖೆ ಎಂದರೆ ಪೋಸ್ಟೆಲ್ ಮತ್ತು ಅವರ ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್, ಇಷ್ಟೇ.

ಇಮೇಲಿಗೆ 25, ವೆಬ್ ಪುಟಗಳಿಗೆ 80, ಹೆಸರು ವಿಚಾರಿಸಲು 53. ಇಂಥ ನಂಬರುಗಳೆಲ್ಲ ಆ ಪಟ್ಟಿಯಲ್ಲಿ ಸೇರಿದವು. ಇಂದು ನಿಮ್ಮ ಫೋನು ಯಾವುದೇ ತಾಣದ ವಿಳಾಸ ವಿಚಾರಿಸುವಾಗ ಸಾಮಾನ್ಯವಾಗಿ ತಟ್ಟುವ ಬಾಗಿಲು 53ನೆಯದೇ.

1977ರಲ್ಲಿ ಅವರು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಗೆ ಸೇರಿದರು. ಕೊನೆಯ ತನಕ ಅಲ್ಲೇ ಇದ್ದರು. ಕಂಪನಿ ಕಟ್ಟಲಿಲ್ಲ, ಬಿಡುವಾದಾಗ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಚಾರಣಕ್ಕೆ ಹೋಗುತ್ತಿದ್ದರು.

ಅಂಚೆಯಣ್ಣನ ಎರಡು ಷರಾಗಳು

ನಮ್ಮ ಊರುಗಳ ಅಂಚೆಯಣ್ಣನನ್ನು ನೆನೆಸಿಕೊಳ್ಳಿ. ಸಹಿ ಹಾಕಿ ಪಡೆಯಬೇಕಾದ ಕಾಗದ ತಂದಾಗ ಮನೆಗೆ ಬೀಗ ಇದ್ದರೆ ಅವನು ಬಾಗಿಲು ಹಾಕಿದೆ ಎಂದು ಷರಾ ಬರೆದು ಕಾಗದವನ್ನು ಅಂಚೆ ಕಚೇರಿಗೆ ಒಯ್ಯುತ್ತಾನೆ. ಮತ್ತೆ ತರುತ್ತಾನೆ. ಆ ವಿಳಾಸದಲ್ಲಿ ಅಂಥವರು ಯಾರೂ ಇಲ್ಲವೆಂದು ಖಚಿತವಾದರೆ ಬೇರೆ ಷರಾ ಬರೆದು ಕಳಿಸಿದವರಿಗೆ ವಾಪಸು ಮಾಡುತ್ತಾನೆ. ಎರಡೂ ಸಲ ಕಾಗದ ಮುಟ್ಟಿಲ್ಲ. ಆದರೆ ಮುಂದೆ ಮಾಡಬೇಕಾದ ಕೆಲಸ ಬೇರೆ ಬೇರೆ. ಬೀಗ ಕಂಡ ಕೂಡಲೇ ಇಂಥವರಿಲ್ಲ ಎಂದು ಬರೆದುಬಿಟ್ಟರೆ ಕೆಲಸದ ಆರ್ಡರೋ ಕೋರ್ಟಿನ ನೋಟಿಸೋ ಕೈತಪ್ಪುತ್ತದೆ.

1982ರ ಆಗಸ್ಟ್‌ನಲ್ಲಿ ಪೋಸ್ಟೆಲ್ ಇಮೇಲ್ ಸಾಗಿಸುವ ನಿಯಮಗಳನ್ನು ಪ್ರಕಟಿಸಿದರು. ಎಸ್‌ಎಂಟಿಪಿ ಎನ್ನುವ ಆ ನಿಯಮಗಳಲ್ಲಿ ಈ ಎರಡು ಷರಾಗಳೂ ಇವೆ. ಪತ್ರ ಪಡೆಯಬೇಕಾದ ಸರ್ವರ್ ಮೂರಂಕಿಯ ಒಂದು ಉತ್ತರ ಕೊಡುತ್ತದೆ. ಉತ್ತರ 4ರಿಂದ ಶುರುವಾದರೆ ಸದ್ಯಕ್ಕೆ ಆಗುತ್ತಿಲ್ಲ, ಆಮೇಲೆ ಬಾ ಎಂದರ್ಥ. 5ರಿಂದ ಶುರುವಾದರೆ ಇದು ಆಗುವ ಕೆಲಸವಲ್ಲ, ಹೀಗೆಯೇ ಮತ್ತೆ ತರಬೇಡ ಎಂದರ್ಥ. ಮೊದಲನೆಯದಕ್ಕೆ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡು ಮತ್ತೆ ಪ್ರಯತ್ನಿಸಬೇಕು. ಎರಡನೆಯದಕ್ಕೆ ಕಳಿಸಿದವರಿಗೆ ತಿಳಿಸಬೇಕು.

ಎಷ್ಟು ಸಲ ಪ್ರಯತ್ನಿಸಬೇಕು? 1989ರಲ್ಲಿ ಅದೇ ಸಂಸ್ಥೆಯ ಬಾಬ್ ಬ್ರೇಡನ್ ಸಂಪಾದಿಸಿದ ನಿಯಮಾವಳಿ ಇದಕ್ಕೆ ಲೆಕ್ಕ ಕೊಟ್ಟಿತು. ಎರಡು ಪ್ರಯತ್ನಗಳ ನಡುವೆ ಕನಿಷ್ಠ 30 ನಿಮಿಷ ಬಿಡುವು ಇರಲಿ, ಕೈಬಿಡುವ ಮುನ್ನ ನಾಲ್ಕೈದು ದಿನವಾದರೂ ಕಾಯಿರಿ. ವಾರಾಂತ್ಯಕ್ಕೆ ಕೆಟ್ಟ ಕಂಪ್ಯೂಟರನ್ನು ಸೋಮವಾರ ಬಂದು ಸರಿ ಮಾಡಿದರೂ ಪತ್ರ ಕಳೆದುಹೋಗಬಾರದು ಎಂದರೆ ಇಷ್ಟು ಸಮಯ ಬೇಕೇ ಬೇಕು.

ಪೋಸ್ಟೆಲ್ ಸಂಪಾದಿಸಿದ ಇನ್ನೊಂದು ನಿಯಮ 1981ರದು. ಪ್ಯಾಕೆಟ್ ಗುರಿ ಮುಟ್ಟದಿದ್ದಾಗ ದಾರಿಯಲ್ಲಿರುವ ಯಂತ್ರಗಳು ಕಳಿಸುವ ತಕರಾರು ಸಂದೇಶಗಳ ಬಗ್ಗೆ ಅದು ಹೇಳುತ್ತದೆ. ಆ ತಕರಾರು ಸಂದೇಶವೇ ದಾರಿಯಲ್ಲಿ ಕಳೆದುಹೋದರೆ ಅದರ ಬಗ್ಗೆ ಇನ್ನೊಂದು ತಕರಾರು ಕಳಿಸಬಾರದು. ಕಳಿಸುತ್ತ ಹೋದರೆ ದೂರಿನ ಮೇಲೆ ದೂರು ಬೆಳೆದು ಜಾಲವೇ ತುಂಬಿಹೋಗುತ್ತದೆ. ಸುದ್ದಿ ತಪ್ಪೆಂದು ಗೊತ್ತಾದ ಮೇಲೂ ಅದನ್ನೇ ಹತ್ತು ಗ್ರೂಪಿಗೆ ಫಾರ್ವರ್ಡ್ ಮಾಡಿ, ಇದು ನಿಜವಾ ಎಂದು ಕೇಳುವ ನಮ್ಮ ಅಭ್ಯಾಸಕ್ಕೂ ಇದು ಒಪ್ಪುವ ಮಾತು.

ಇಡೀ ಜಾಲಕ್ಕೆ ಒಂದೇ ಪಟ್ಟಿ

ಈಗ ಹೆಸರಿನ ವಿಷಯಕ್ಕೆ ಬರೋಣ. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯರಿಗೆ ನೆನಪಿರುವುದು ಹೆಸರು. ಫೋನಿನ ಕಾಂಟ್ಯಾಕ್ಟ್ಸ್‌ನಲ್ಲಿ ಅಮ್ಮ ಎಂದು ಒತ್ತಿದರೆ ಹತ್ತಂಕಿಯ ನಂಬರಿಗೆ ಕರೆ ಹೋಗುವಂತೆ, ಹೆಸರನ್ನು ಅಂಕಿಗೆ ಬದಲಾಯಿಸುವ ಪಟ್ಟಿ ಜಾಲಕ್ಕೂ ಬೇಕು.

ಆರ್ಪಾನೆಟ್ ಕಾಲದಲ್ಲಿ ಅಂಥದ್ದು ಒಂದೇ ಒಂದು ಕಡತ ಇತ್ತು. ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರಿನ ಹೆಸರು ಸೇರಿಸಬೇಕಾದರೆ ಕಚೇರಿ ವೇಳೆಯಲ್ಲಿ ಅವರನ್ನು ಸಂಪರ್ಕಿಸಬೇಕಿತ್ತು. ಜಾಲದಲ್ಲಿದ್ದ ಪ್ರತಿಯೊಂದು ಕಂಪ್ಯೂಟರೂ ಆಗಾಗ ಆ ಕಡತವನ್ನು ಇಳಿಸಿಕೊಂಡು ತನ್ನ ಬಳಿ ಪ್ರತಿ ಇಟ್ಟುಕೊಳ್ಳುತ್ತಿತ್ತು.

ಈ ಪದ್ಧತಿಗೆ ಒಂದು ಗುಣವಿತ್ತು. ಮೂಲ ಕಡತ ಸಿಗದೆ ಹೋದರೂ ಹಳೆಯ ಪ್ರತಿ ಕೈಯಲ್ಲಿ ಇರುತ್ತಿತ್ತು, ಕೆಲಸ ನಿಲ್ಲುತ್ತಿರಲಿಲ್ಲ. ದೋಷವೂ ಅದರಲ್ಲೇ ಇತ್ತು. ಹಳೆಯ ಪ್ರತಿಯಲ್ಲಿ ಹೊಸಬರ ಹೆಸರಿಲ್ಲ, ಸ್ಥಳ ಬದಲಿಸಿದವರ ವಿಳಾಸ ತಪ್ಪು. ಕಂಪ್ಯೂಟರುಗಳು ನೂರಾರು ಇದ್ದಾಗ ಹೇಗೋ ನಡೆಯಿತು. ಸಾವಿರಗಟ್ಟಲೆ ಆಗುತ್ತವೆ ಎಂದಾಗ ಇದು ನಡೆಯುವುದಿಲ್ಲ ಎಂಬುದು ಸ್ಪಷ್ಟವಾಯಿತು.

ಪರಿಹಾರಕ್ಕೆ ಹಲವರು ಹಲವು ಸಲಹೆ ಕೊಟ್ಟಿದ್ದರು. ಪೋಸ್ಟೆಲ್ ಆ ಸಲಹೆಗಳನ್ನೆಲ್ಲ ತಮ್ಮ ಸಂಸ್ಥೆಯ ಯುವ ಎಂಜಿನಿಯರ್ ಪಾಲ್ ಮಾಕಪೆಟ್ರಿಸ್ ಕೈಗೆ ಕೊಟ್ಟು, ಎಲ್ಲರೂ ಒಪ್ಪುವ ದಾರಿ ಹುಡುಕಲು ಹೇಳಿದರು. ಮಾಕಪೆಟ್ರಿಸ್ ಅವನ್ನು ಪಕ್ಕಕ್ಕಿಟ್ಟು ಹೊಸದೊಂದು ವ್ಯವಸ್ಥೆಯನ್ನೇ ರೂಪಿಸಿದರು. ಪೋಸ್ಟೆಲ್ ಅದಕ್ಕೆ ಅಡ್ಡ ಬರಲಿಲ್ಲ. 1983ರ ನವೆಂಬರ್‌ನಲ್ಲಿ ಪ್ರಕಟವಾದ ಆ ವ್ಯವಸ್ಥೆಯೇ ಡಿಎನ್‌ಎಸ್, ಅಂದರೆ ಡೊಮೈನ್ ನೇಮ್ ಸಿಸ್ಟಂ. ಮರುವರ್ಷ ಪೋಸ್ಟೆಲ್ ಮತ್ತು ರೆನಾಲ್ಡ್ಸ್ ಬರೆದ ಟಿಪ್ಪಣಿಯಲ್ಲಿ ಕಾಮ್, ಎಜು, ಗವ್, ಮಿಲ್, ಆರ್ಗ್ ಎಂಬ ಕೊನೆಹೆಸರುಗಳೂ, ದೇಶಗಳಿಗೆ ಎರಡಕ್ಷರದ ಸಂಕೇತಗಳೂ ಬಂದವು. ನಮ್ಮ ಡಾಟ್ ಇನ್ ಆ ಎರಡಕ್ಷರದ ಸಾಲಿನದೇ.

ಪಟ್ಟಿ ಕೈಕೊಟ್ಟಾಗ ಏನು ಮಾಡಬೇಕು?

ಡಿಎನ್‌ಎಸ್‌ನಲ್ಲಿ ಒಂದೇ ದೊಡ್ಡ ಪಟ್ಟಿ ಇಲ್ಲ. ತುದಿಯಲ್ಲಿರುವ ರೂಟ್ ಸರ್ವರುಗಳಿಗೆ ಕಾಮ್ ಯಾರ ಬಳಿ ಇದೆ, ಇನ್ ಯಾರ ಬಳಿ ಇದೆ ಎಂಬುದಷ್ಟೇ ಗೊತ್ತು. ಕಾಮ್ ನೋಡಿಕೊಳ್ಳುವವರಿಗೆ ಅದರ ಕೆಳಗಿನ ಹೆಸರುಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದಷ್ಟೇ ಗೊತ್ತು. ಊರಿಗೆ ಹೋಗಿ, ಬೀದಿ ಕೇಳಿ, ಬೀದಿಯಲ್ಲಿ ಮನೆ ಕೇಳಿದಂತೆ ಕೇಳುತ್ತ ಹೋಗಬೇಕು. ಹೀಗೆ ಕೇಳುವ ದಾರಿಯಲ್ಲಿ ಯಾರಾದರೂ ಸುಮ್ಮನಿದ್ದರೆ? ಅದಕ್ಕೆ ಮೂರು ಏರ್ಪಾಡುಗಳಿವೆ.

ಮೊದಲನೆಯದು, ಒಬ್ಬರನ್ನೇ ನೆಚ್ಚಬಾರದು. ಪ್ರತಿಯೊಂದು ವಲಯದ ಪಟ್ಟಿಯೂ ಕನಿಷ್ಠ ಎರಡು ಸರ್ವರುಗಳಲ್ಲಿ ಇರಬೇಕು. ಒಬ್ಬರು ಉತ್ತರಿಸದಿದ್ದರೆ ಇನ್ನೊಬ್ಬರನ್ನು ಕೇಳಬಹುದು.

ಎರಡನೆಯದು, ಒಮ್ಮೆ ತಿಳಿದ ಉತ್ತರವನ್ನು ನೆನಪಿಟ್ಟುಕೊಳ್ಳಬಹುದು, ಆದರೆ ವಾಯಿದೆ ಇರುವವರೆಗೆ ಮಾತ್ರ. ಪ್ರತಿ ಉತ್ತರದ ಜೊತೆಗೂ ಇದು ಇಷ್ಟು ಸೆಕೆಂಡುಗಳ ತನಕ ಚಾಲ್ತಿ ಎಂಬ ಅಂಕಿ ಬರುತ್ತದೆ. ಹಳೆಯ ಕಡತದ ಗುಣವನ್ನು ಉಳಿಸಿಕೊಂಡು ಅದರ ದೋಷವನ್ನು ಕಡಿಮೆ ಮಾಡಿದ ಬಗೆ ಇದು. ಮೂಲ ಸರ್ವರ್ ಸ್ವಲ್ಪ ಹೊತ್ತು ಮಲಗಿದರೂ ನೆನಪಿನ ಪ್ರತಿಯಿಂದ ಕೆಲಸ ನಡೆಯುತ್ತದೆ.

ಮೂರನೆಯದು, ಮತ್ತು ಈ ಲೇಖನಕ್ಕೆ ಮುಖ್ಯವಾದದ್ದು, ಉತ್ತರದ ಸಂಕೇತ. ಹೆಸರು ಸಿಗದಿದ್ದಾಗ ಬರುವ ಉತ್ತರಗಳಲ್ಲಿ ಎರಡು ಬಗೆ. ಸಂಕೇತ 3 ಬಂದರೆ ಆ ಹೆಸರೇ ಇಲ್ಲ ಎಂದರ್ಥ. ಸಂಕೇತ 2 ಬಂದರೆ ಸರ್ವರಿಗೆ ಹುಡುಕಲು ಆಗಲಿಲ್ಲ ಎಂದರ್ಥ. ಅಂಚೆಯಣ್ಣನ ಅವೇ ಎರಡು ಷರಾ. ಜೊತೆಗೆ ಇನ್ನೊಂದು ಎಚ್ಚರಿಕೆಯೂ ಇದೆ. ಹೆಸರೇ ಇಲ್ಲ ಎಂಬ ಮಾತಿಗೆ ಬೆಲೆ ಬರುವುದು ಆ ವಲಯಕ್ಕೆ ಅಧಿಕಾರವಿರುವ ಸರ್ವರ್ ಹೇಳಿದಾಗ. ಮನೆಯಲ್ಲಿ ಇಂಥವರಿಲ್ಲ ಎಂದು ಮನೆಯವರು ಹೇಳಬೇಕು, ಬೀದಿಯಲ್ಲಿ ಹೋಗುವವರಲ್ಲ.

ಫೇಸ್‌ಬುಕ್ ಮಾರಾಟದ ಸ್ಕ್ರೀನ್‌ಶಾಟ್ ಹುಟ್ಟಿದ್ದು ಈ ವ್ಯತ್ಯಾಸವನ್ನು ಮರೆತದ್ದರಿಂದ. ಆ ರಾತ್ರಿ ಜಗತ್ತಿನ ವಿಳಾಸ ಹುಡುಕುವ ಸರ್ವರುಗಳು ಕೊಡುತ್ತಿದ್ದ ಉತ್ತರ 2ನೆಯದು, 3ನೆಯದಲ್ಲ.

ಸುಮ್ಮನಿರುವುದಕ್ಕಿಂತ ಕೆಟ್ಟದ್ದು ತಪ್ಪು ಉತ್ತರ

1997ರ ಜುಲೈ 17ರ ನಸುಕಿನಲ್ಲಿ ಇದರ ತಿರುವುಮುರುವು ನಡೆಯಿತು. ಕಾಮ್ ಮತ್ತು ನೆಟ್ ಪಟ್ಟಿಗಳನ್ನು ಆಗ ನೋಡಿಕೊಳ್ಳುತ್ತಿದ್ದುದು ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಅಮೆರಿಕದ ಕಂಪನಿ. ಆ ರಾತ್ರಿ ತಯಾರಾದ ಪಟ್ಟಿ ಕೆಟ್ಟಿತ್ತು. ತಪಾಸಣೆಯ ವ್ಯವಸ್ಥೆ ಎಚ್ಚರಿಕೆ ಕೊಟ್ಟಿತು. ಕೆಲಸದಲ್ಲಿದ್ದವರು ಅದನ್ನು ಲೆಕ್ಕಿಸದೆ ಪಟ್ಟಿಯನ್ನು ಬಿಡುಗಡೆ ಮಾಡಿದರು. ಸರಿಯಾದ ಪಟ್ಟಿ ಹಾಕಲು ಸುಮಾರು ನಾಲ್ಕು ತಾಸು ಹಿಡಿಯಿತು. ಆ ಹೊತ್ತಿನಲ್ಲಿ ಎಷ್ಟೋ ತಾಣಗಳು ತೆರೆಯಲಿಲ್ಲ, ಇಮೇಲುಗಳು ವಾಪಸಾದವು.

ಸರ್ವರುಗಳು ಆರಿಹೋಗಿದ್ದರೆ ಇಮೇಲುಗಳು ಸಾಲಿನಲ್ಲಿ ಕಾಯುತ್ತಿದ್ದವು, ಬೆಳಗಾದ ಮೇಲೆ ಮುಟ್ಟುತ್ತಿದ್ದವು. ಅವು ಆರಲಿಲ್ಲ, ಅಧಿಕಾರದ ದನಿಯಲ್ಲಿ ತಪ್ಪು ಹೇಳಿದವು. ಅದಕ್ಕೇ ಪತ್ರಗಳು ಹಿಂದಿರುಗಿದವು. ಉತ್ತರ ಸರಿಯಿದೆಯೋ ಇಲ್ಲವೋ ಎಂಬ ಅನುಮಾನವಿದ್ದಾಗ ಸುಮ್ಮನಿರುವುದೇ ಮೇಲು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪೋಸ್ಟೆಲ್ ಅವರ ಇನ್ನೊಂದು ಪ್ರಸಿದ್ಧ ಸೂತ್ರವನ್ನೂ ಇಲ್ಲಿ ನೆನೆಯಬೇಕು. ನಾವು ಕಳಿಸುವುದರಲ್ಲಿ ಕಟ್ಟುನಿಟ್ಟಾಗಿರಬೇಕು, ಬೇರೆಯವರು ಕಳಿಸಿದ್ದನ್ನು ಸ್ವೀಕರಿಸುವಾಗ ಸ್ವಲ್ಪ ಉದಾರವಾಗಿರಬೇಕು ಎಂಬುದು ಅದರ ಸಾರ. ಬೇರೆ ಬೇರೆ ಜನ ಬರೆದ ತಂತ್ರಾಂಶಗಳು ಒಂದಕ್ಕೊಂದು ಹೊಂದಿಕೊಂಡು ಇಂಟರ್‌ನೆಟ್ ಬೆಳೆದದ್ದಕ್ಕೆ ಈ ಔದಾರ್ಯವೂ ಕಾರಣ. ಅತಿಯಾದ ಔದಾರ್ಯದಿಂದ ತಪ್ಪುಗಳು ಬಚ್ಚಿಟ್ಟುಕೊಂಡು ಬೆಳೆಯುತ್ತವೆ ಎಂದು ಇತ್ತೀಚಿನ ಎಂಜಿನಿಯರುಗಳು ಈ ಸೂತ್ರವನ್ನು ಟೀಕಿಸಿದ್ದೂ ಉಂಟು. ಆ ಟೀಕೆಯಲ್ಲಿ ಹುರುಳಿದೆ. ಕೆಟ್ಟ ಪಟ್ಟಿಯನ್ನು ಉದಾರವಾಗಿ ಬಿಡುಗಡೆ ಮಾಡಿದರೆ ಏನಾಗುತ್ತದೆ ಎಂದು ಈಗಷ್ಟೇ ನೋಡಿದೆವು.

ಒಬ್ಬ ಮನುಷ್ಯನ ಮೇಲೆ ನಿಂತ ಪಟ್ಟಿ

ಈ ಹೊತ್ತಿಗೆ ಇಂಟರ್‌ನೆಟ್ ವಿದ್ಯಾರ್ಥಿಗಳ ಆಟವಾಗಿ ಉಳಿದಿರಲಿಲ್ಲ. ಹೆಸರುಗಳಿಗೆ ಹಣ ಬಂದಿತ್ತು, ಹಣದ ಹಿಂದೆ ಜಗಳವೂ ಬಂದಿತ್ತು. ಹೆಸರುಗಳ ಮೇಲೆ ಕೊನೆಯ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಅಮೆರಿಕದ ಸರ್ಕಾರ, ಕಂಪನಿಗಳು, ಎಂಜಿನಿಯರುಗಳು ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಿದ್ದರು.

1998ರ ಜನವರಿ 28ರಂದು ಪೋಸ್ಟೆಲ್ ಒಂದು ಇಮೇಲ್ ಬರೆದರು. ರೂಟ್ ಸರ್ವರುಗಳು ಒಟ್ಟು 13. ಅವುಗಳಲ್ಲಿ ಎ ಎಂಬ ಹೆಸರಿನದು ಮೂಲ, ಅದು ನೆಟ್‌ವರ್ಕ್ ಸೊಲ್ಯೂಷನ್ಸ್ ಬಳಿ ಇತ್ತು. ಉಳಿದ 12 ಅದರಿಂದ ಪ್ರತಿ ತೆಗೆದುಕೊಳ್ಳುತ್ತಿದ್ದವು. ಆ 12ರಲ್ಲಿ 8 ಸರ್ವರುಗಳನ್ನು ನಡೆಸುವವರಿಗೆ, ಇನ್ನು ಮುಂದೆ ಪ್ರತಿಯನ್ನು ತಮ್ಮ ಸಂಸ್ಥೆಯ ಸರ್ವರಿನಿಂದ ತೆಗೆದುಕೊಳ್ಳಿ ಎಂದು ಅವರು ಕೇಳಿದರು. ಅವರ ಮೇಲಿನ ನಂಬಿಕೆಯಿಂದ ಎಂಟೂ ಜನ ಒಪ್ಪಿದರು. ಪಟ್ಟಿ ಒಂದೇ ಆಗಿದ್ದರಿಂದ ಜನಸಾಮಾನ್ಯರಿಗೆ ಏನೂ ಗೊತ್ತಾಗಲಿಲ್ಲ.

ಅಮೆರಿಕದ ಸರ್ಕಾರಕ್ಕೆ ಗೊತ್ತಾಯಿತು, ಸಿಟ್ಟೂ ಬಂತು. ಇದೊಂದು ಪರೀಕ್ಷೆ ಎಂಬುದು ಪೋಸ್ಟೆಲ್ ಕೊಟ್ಟ ವಿವರಣೆ. ಒತ್ತಡ ಬಂದ ಮೇಲೆ ಕೆಲವೇ ದಿನಗಳಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು. ಇದು ಬಂಡಾಯವೋ ಪರೀಕ್ಷೆಯೋ ಎಂಬ ಚರ್ಚೆ ಇಂದಿಗೂ ಇದೆ. ಹೇಗೇ ನೋಡಿದರೂ ಒಂದು ಸತ್ಯ ಬಯಲಾಯಿತು. ಮೂಲ ಪಟ್ಟಿ ಎಲ್ಲಿರಬೇಕು ಎಂಬುದು ಒಬ್ಬ ಸಜ್ಜನನ ಮಾತಿನ ಮೇಲೆ ನಿಂತಿತ್ತು. ಆ ಸಜ್ಜನ ಇಲ್ಲವಾದರೆ?

ಪೋಸ್ಟೆಲ್ ಇಲ್ಲವಾದ ದಿನ

ಈ ಪ್ರಶ್ನೆ ಪೋಸ್ಟೆಲ್ ಅವರಿಗೂ ಗೊತ್ತಿತ್ತು. 1991ರಲ್ಲೇ ಅವರ ಹೃದಯದ ಕವಾಟ ಬದಲಿಸಲಾಗಿತ್ತು. 1998ರ ಬಹುಭಾಗವನ್ನು ಅವರು ತಮ್ಮ ಕೆಲಸವನ್ನು ಒಂದು ಸಂಸ್ಥೆಗೆ ವಹಿಸುವ ಏರ್ಪಾಡಿನಲ್ಲಿ ಕಳೆದರು. ಆ ಸಂಸ್ಥೆಯೇ ಐಕ್ಯಾನ್. ಅದು ಕ್ಯಾಲಿಫೋರ್ನಿಯಾದಲ್ಲಿ ನೋಂದಣಿಯಾದದ್ದು ಸೆಪ್ಟೆಂಬರ್ 30ರಂದು.

ಅಕ್ಟೋಬರ್ 16ರಂದು, ಅಂದರೆ ಹದಿನಾರು ದಿನಗಳ ಬಳಿಕ, ಹೃದಯದ ತೊಂದರೆಯಿಂದ ಪೋಸ್ಟೆಲ್ ಲಾಸ್ ಏಂಜಲೀಸಿನಲ್ಲಿ ತೀರಿಕೊಂಡರು. ಅವರಿಗೆ 55 ವರ್ಷ. ಹೈಸ್ಕೂಲಿನ ಹಳೆಯ ಗೆಳೆಯ ವಿಂಟ್ ಸರ್ಫ್ ಬರೆದ ನೆನಪಿನ ಬರಹ ಆರ್‌ಎಫ್‌ಸಿ ಟಿಪ್ಪಣಿಯಾಗಿಯೇ ಪ್ರಕಟವಾಯಿತು, ಅದರ ಸಂಖ್ಯೆ 2468. ಮೂರು ದಶಕಗಳಿಂದ ಪೋಸ್ಟೆಲ್ ಕೈದಾಟಿ ಬರುತ್ತಿದ್ದ ಸಾಲಿನಲ್ಲಿ ಅವರದೇ ನೆನಪು ಸೇರಿಕೊಂಡಿತು.

ಅಂದು ಜಗತ್ತಿನಲ್ಲಿ ಯಾವ ತಾಣವೂ ನಿಲ್ಲಲಿಲ್ಲ. ಇಮೇಲುಗಳು ಹೋದವು, ಬಂದವು. ಟಿಪ್ಪಣಿಗಳ ಸಂಪಾದನೆಯನ್ನು ಜಾಯ್ಸ್ ರೆನಾಲ್ಡ್ಸ್ ಮತ್ತು ಬಾಬ್ ಬ್ರೇಡನ್ ಮುಂದುವರಿಸಿದರು. ನಂಬರುಗಳ ಹೊಣೆ ಐಕ್ಯಾನ್‌ಗೆ ಹೋಯಿತು. ಪಟ್ಟಿ ಬರೆಯುತ್ತಿದ್ದವರೇ ಸಿಗದಂತಾದ ದಿನವೂ ಪಟ್ಟಿ ಸಿಗುತ್ತಿತ್ತು. ಅವರ ಬದುಕಿನ ಕೆಲಸ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಆಮೇಲೆ ನಡೆದ ಎರಡು ಪರೀಕ್ಷೆಗಳು

2002ರ ಅಕ್ಟೋಬರ್ 21ರಂದು 13 ರೂಟ್ ಸರ್ವರುಗಳ ಮೇಲೂ ಒಟ್ಟಿಗೆ ದಾಳಿ ನಡೆಯಿತು. ಸುಮಾರು ಒಂದು ತಾಸು ಅವುಗಳ ಮೇಲೆ ಪ್ಯಾಕೆಟ್‌ಗಳ ಸುರಿಮಳೆ. ಹಲವು ಸರ್ವರುಗಳು ತತ್ತರಿಸಿದವು, ಆದರೆ ಬಹುತೇಕ ಬಳಕೆದಾರರಿಗೆ ಅದು ತಿಳಿಯಲೇ ಇಲ್ಲ. ಕಾಮ್ ಎಲ್ಲಿದೆ, ಆರ್ಗ್ ಎಲ್ಲಿದೆ ಎಂಬ ಉತ್ತರ ಎಲ್ಲ ಕಡೆಯೂ ನೆನಪಿನ ಪ್ರತಿಯಲ್ಲಿತ್ತು, ಅದರ ವಾಯಿದೆ ಮುಗಿದಿರಲಿಲ್ಲ. ಇಂದು ಆ 13 ಹೆಸರುಗಳ ಹಿಂದೆ ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಯಂತ್ರಗಳಿವೆ, ಭಾರತದ ಹಲವು ನಗರಗಳಲ್ಲೂ ಇವೆ.

2021ರ ಅಕ್ಟೋಬರ್ 4ರಂದು ಮಾತ್ರ ಏರ್ಪಾಡು ಸೋತಿತು. ಫೇಸ್‌ಬುಕ್ ಕಂಪನಿಗೂ ಒಂದಕ್ಕಿಂತ ಹೆಚ್ಚು ಹೆಸರಿನ ಸರ್ವರುಗಳಿದ್ದವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಕಂಪನಿಯ ಒಳಗಿನ ಜಾಲ ಕಡಿದುಹೋಯಿತು. ಕೇಂದ್ರದ ಸಂಪರ್ಕ ತಪ್ಪಿದರೆ ತಾನೇ ಕೆಟ್ಟಿರಬಹುದು ಎಂದು ಭಾವಿಸಿ ಹಿಂದೆ ಸರಿಯುವಂತೆ ಆ ಸರ್ವರುಗಳನ್ನು ರೂಪಿಸಿದ್ದರು. ಒಂದು ಕೆಟ್ಟಾಗ ಇದು ಜಾಣ ನಡೆ. ಅಂದು ಎಲ್ಲಕ್ಕೂ ಏಕಕಾಲಕ್ಕೆ ಸಂಪರ್ಕ ತಪ್ಪಿತ್ತು, ಎಲ್ಲವೂ ಒಟ್ಟಿಗೆ ಹಿಂದೆ ಸರಿದವು. ಒಂದೇ ಕಾರಣಕ್ಕೆ ಕೆಡುವ ಹತ್ತು ಪ್ರತಿಗಳು ಇದ್ದರೂ ಒಂದೇ, ಹತ್ತಿದ್ದರೂ ಒಂದೇ. ಕಂಪನಿಯ ಎಂಜಿನಿಯರುಗಳು ದುರಸ್ತಿಗೆ ಬಳಸುವ ಒಳಗಿನ ಸಾಧನಗಳೂ ಅದೇ ಹೆಸರಿನ ವ್ಯವಸ್ಥೆಯನ್ನು ನೆಚ್ಚಿದ್ದವು, ಅವೂ ಕೈಕೊಟ್ಟವು.

ಇತ್ತ ಕೋಟ್ಯಂತರ ಫೋನುಗಳು ಬಿಡುವಿಲ್ಲದೆ ಮತ್ತೆ ಮತ್ತೆ ವಿಚಾರಿಸತೊಡಗಿದವು. ವಿಳಾಸ ಹುಡುಕುವ ದೊಡ್ಡ ಸೇವೆಗಳಲ್ಲಿ ಒಂದಾದ ಕ್ಲೌಡ್‌ಫ್ಲೇರ್, ಎಂದಿನ ಮೂವತ್ತು ಪಟ್ಟು ಪ್ರಶ್ನೆಗಳು ಬಂದವೆಂದು ಆಮೇಲೆ ಲೆಕ್ಕ ಕೊಟ್ಟಿತು. ಎರಡು ಪ್ರಯತ್ನಗಳ ನಡುವೆ ಬಿಡುವು ಇರಲಿ ಎಂದು 1989ರಲ್ಲಿ ಹೇಳಿದ್ದು ಯಾಕೆ ಎಂದು ಇದರಿಂದ ತಿಳಿಯುತ್ತದೆ.

ಫಾರ್ವರ್ಡ್ ಒತ್ತುವ ಮುನ್ನ

2018ರ ಅಕ್ಟೋಬರ್‌ನಲ್ಲಿ ಬಂದಿದ್ದ ಇನ್ನೊಂದು ಫಾರ್ವರ್ಡ್ ನಿಮಗೆ ನೆನಪಿರಬಹುದು. ಮುಂದಿನ 48 ತಾಸು ಜಗತ್ತಿನಾದ್ಯಂತ ಇಂಟರ್‌ನೆಟ್ ಬಂದ್ ಎಂದು ಅದು ಹೇಳಿತ್ತು. ನಡೆದದ್ದು ಇಷ್ಟು: ಡಿಎನ್‌ಎಸ್ ಉತ್ತರಗಳು ಅಸಲಿಯೇ ಎಂದು ಪರೀಕ್ಷಿಸುವ ಮೂಲ ಕೀಲಿಯನ್ನು ಐಕ್ಯಾನ್ ಅಕ್ಟೋಬರ್ 11ರಂದು ಬದಲಾಯಿಸಿತು. ಹೊಸ ಕೀಲಿ ತಿಳಿಯದ ಕೆಲವು ಸರ್ವರುಗಳಿಗೆ ತೊಂದರೆಯಾಗಬಹುದು ಎಂಬ ಎಚ್ಚರಿಕೆ ನಿಜ. ಇಂಟರ್‌ನೆಟ್ ಬಂದ್ ಎಂಬುದು ಸುಳ್ಳು, ಬಂದ್ ಆಗಲೂ ಇಲ್ಲ.

ಹಾಗಾಗಿ ಮುಂದಿನ ಸಲ ಯಾವುದೋ ಆ್ಯಪ್ ತೆರೆಯದಿದ್ದಾಗ, ತಾಣ ಸಿಗುತ್ತಿಲ್ಲ ಎಂಬ ಬರಹ ಕಂಡಾಗ ಇಷ್ಟು ಮಾಡಿ.

ಮೊದಲು ವಿಳಾಸ ಸರಿಯಾಗಿ ಬರೆದಿದ್ದೀರಾ ನೋಡಿ. ಆಮೇಲೆ ಬೇರೆ ತಾಣ ತೆರೆಯುತ್ತದೆಯೇ, ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಬರುತ್ತದೆಯೇ ನೋಡಿ. ಒಂದು ಜಾಲದಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ತೊಂದರೆ ನಿಮ್ಮ ದಾರಿಯಲ್ಲಿದೆ, ತಾಣದಲ್ಲಿಲ್ಲ. ಎಲ್ಲಿಯೂ ಬಾರದಿದ್ದರೆ ಸ್ವಲ್ಪ ಹೊತ್ತು ಕಾಯಿರಿ, ಒಂದೇ ಸಮನೆ ಒತ್ತುತ್ತ ಕೂರಬೇಡಿ.

ಹಣ ಕಳಿಸುವಾಗ ಇದು ಇನ್ನೂ ಮುಖ್ಯ. ಯುಪಿಐ ಆ್ಯಪ್‌ನಲ್ಲಿ ಪೆಂಡಿಂಗ್ ಎಂದು ಬಂದರೆ ವಿಫಲವಾಯಿತು ಎಂದಲ್ಲ, ಉತ್ತರ ಇನ್ನೂ ಬಂದಿಲ್ಲ ಎಂದರ್ಥ. ಮತ್ತೊಮ್ಮೆ ಕಳಿಸುವ ಮುನ್ನ ಖಾತೆಯ ವಿವರ ನೋಡಿ, ಇಲ್ಲವಾದರೆ ಎರಡು ಸಲ ಹಣ ಹೋದೀತು.

ಮತ್ತು ಆ ಹೊತ್ತಿನಲ್ಲಿ ಕಂಪನಿ ಮುಚ್ಚಿತು, ಹ್ಯಾಕ್ ಆಯಿತು, ಹೊಸ ಆ್ಯಪ್ ಇಲ್ಲಿಂದ ಇಳಿಸಿಕೊಳ್ಳಿ ಎಂಬ ಲಿಂಕ್ ಬಂದರೆ ಮುಟ್ಟಬೇಡಿ. ಬಾಗಿಲು ಹಾಕಿರುವ ಮನೆಯ ಬಗ್ಗೆ ಬೀದಿಯಲ್ಲಿ ಹೋಗುವವರು ಹೇಳುವ ಮಾತು ಅದು.

ಪೋಸ್ಟೆಲ್ ಕಾಲದಲ್ಲಿ ತಾಣದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಿತ್ತು. ಈಗ ಡಾಟ್ ಭಾರತ ಎಂದು ಕನ್ನಡದಲ್ಲೇ ಬರೆದರೂ ಹೆಸರು ಸಿಗುತ್ತದೆ. ಅದನ್ನು ಹುಡುಕಿಕೊಂಡು ಹೋಗುವ ಪ್ರಶ್ನೆ ಅದೇ ರೂಟ್ ಸರ್ವರಿನಿಂದ ಶುರುವಾಗುತ್ತದೆ. ಉತ್ತರ ಸಿಗದಿದ್ದರೆ ಬರುವುದೂ ಅವೇ ಎರಡು ಷರಾಗಳಲ್ಲಿ ಒಂದು. ಯಾವುದು ಬಂದಿದೆ ಎಂದು ನೋಡಿಕೊಂಡು ಮುಂದಿನ ಹೆಜ್ಜೆ ಇಡಿ.